ಹೊಸಬರಿಗೆ ಡೇಟ್ ಕೊಡುವ ಮುನ್ನ

ಬೊಜ್ಜಿನ ಶಸ್ತ್ರಚಿಕಿತ್ಸೆಯ ಕ್ಲಿನಿಕ್‌ನಲ್ಲಿ ನೂಕುನುಗ್ಗಲು ನಿಭಾಯಿಸುವ ಬಗೆ, ಹಂತ ಹಂತವಾಗಿ

ಬೊಜ್ಜಿನ ಆಪರೇಷನ್ ಮಾಡುವ ಕ್ಲಿನಿಕ್ ಶುರುವಾದ ಮೊದಲ ವರ್ಷ ಡಾಕ್ಟರೇ ರೋಗಿಗಳಿಗಾಗಿ ಕಾಯುತ್ತಾರೆ. ಒಮ್ಮೆ ಹೆಸರು ಬಂತೆಂದರೆ ಎಲ್ಲ ತಿರುವುಮುರುವು. ಸೋಮವಾರ ಬೆಳಿಗ್ಗೆ ಹತ್ತಕ್ಕೆಲ್ಲ ಕುರ್ಚಿಗಳು ಭರ್ತಿ. ಕೌಂಟರಿನ ಹುಡುಗಿ ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಟೋಕನ್ ಬರೆಯುತ್ತಿರುತ್ತಾಳೆ. ಡಾಕ್ಟರು ಇನ್ನೂ ಒಟಿಯಿಂದ ಹೊರಗೆ ಬಂದಿಲ್ಲ. “ನಾವು ರಾಯಚೂರಿಂದ ಬಂದೀವ್ರಿ, ರಾತ್ರಿ ಬಸ್ಸಿಗೆ ವಾಪಸ್ ಹೋಗಬೇಕ್ರಿ” ಎನ್ನುವವರು ಒಬ್ಬರು. “ಮುಂದಿನ ತಿಂಗಳು ಎಂಗೇಜ್‌ಮೆಂಟ್ ಇದೆ ಮೇಡಂ, ಹೆಂಗಾದರೂ ಮಾಡಿ ಈ ವಾರವೇ ಮಾಡಿಸಿಕೊಡಿ” ಎಂದು ಮಗಳನ್ನು ಕರೆತಂದ ತಾಯಿ ಇನ್ನೊಬ್ಬರು. ಮೂಲೆಯ ಕುರ್ಚಿಯಲ್ಲಿ, ಮೂರು ವಾರದ ಹಿಂದೆ ಸ್ಲೀವ್ ಆಪರೇಷನ್ ಮಾಡಿಸಿಕೊಂಡು ನಾಲ್ಕು ದಿನದಿಂದ ವಾಂತಿ ಮಾಡಿಕೊಳ್ಳುತ್ತಿರುವ ಒಬ್ಬ ಹೆಂಗಸು, ಯಾರನ್ನೂ ಏನೂ ಕೇಳದೆ ಕೂತಿದ್ದಾರೆ.

ಈ ಮೂವರಲ್ಲಿ ಮೊದಲು ಒಳಗೆ ಹೋಗಬೇಕಾದವರು ಮೂರನೆಯವರು. ಆದರೆ ಅವರ ಟೋಕನ್ ನಂಬರು ಮೂವತ್ತೆಂಟು.

ಇಂಥ ರಶ್ಶು ಮುಂದೆ ಹೆಚ್ಚುವುದೇ ಹೊರತು ತಗ್ಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 24ರಷ್ಟು, ಗಂಡಸರಲ್ಲಿ ಶೇ. 23ರಷ್ಟು ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಕರ್ನಾಟಕದಲ್ಲಿ ಇಬ್ಬರದೂ ಶೇ. 30ರ ಆಸುಪಾಸು. 2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ ಎಂಬ ತೂಕ ಇಳಿಸುವ ಇಂಜೆಕ್ಷನ್‌ಗಳು ಭಾರತಕ್ಕೆ ಬಂದಾಗ ಆಪರೇಷನ್ ಕೇಳುವವರೇ ಇರುವುದಿಲ್ಲ ಎಂದುಕೊಂಡವರಿದ್ದರು. ಆದರೆ ಬೊಜ್ಜಿಗೂ ಔಷಧ ಉಂಟು, ಅದೂ ಒಂದು ಕಾಯಿಲೆಯೇ ಎಂದು ಜನಕ್ಕೆ ಗೊತ್ತಾದರೆ ಡಾಕ್ಟರ ಬಾಗಿಲಿಗೆ ಬರುವವರು ಹೆಚ್ಚುತ್ತಾರೆ. ಇಂಜೆಕ್ಷನ್ ಕೇಳಲು ಬಂದವರೂ ಅದೇ ಕೌಂಟರಿನ ಮುಂದೆ ನಿಲ್ಲುತ್ತಾರೆ.

ಕ್ಲಿನಿಕ್ ತೆರೆದು ಒಂದೆರಡು ವರ್ಷವಾದ ಸರ್ಜನ್‌ಗಳಿಗೆ, ಅದಕ್ಕಿಂತ ಮುಖ್ಯವಾಗಿ ಎಲ್ಲರ ಬೈಗುಳ ತಿನ್ನುವ ಕೋಆರ್ಡಿನೇಟರ್‌ಗಳಿಗೆ ಈ ಬರಹ.

ಹಂತ 1: ಎರಡು ವಾರ ಬರೀ ಎಣಿಸಿ

ಜನ ಹೆಚ್ಚಾದ ತಕ್ಷಣ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ: ಇನ್ನೊಂದು ಓಪಿಡಿ ದಿನ ಸೇರಿಸುವುದು, ರಿಸೆಪ್ಷನ್‌ಗೆ ಇನ್ನೊಬ್ಬರನ್ನು ತೆಗೆದುಕೊಳ್ಳುವುದು. ಸ್ವಲ್ಪ ತಾಳಿ. ಎಲ್ಲಿ ಇಕ್ಕಟ್ಟಾಗಿದೆ ಎಂದು ತಿಳಿಯದೆ ಬಾಗಿಲು ಅಗಲ ಮಾಡಿದರೆ ಒಳಗೆ ತುಂಬಿಕೊಳ್ಳುವವರು ಹೆಚ್ಚುತ್ತಾರೆ, ಅಷ್ಟೆ.

ಒಂದು ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಹಾಕಿ. ದಿನಕ್ಕೆ ಬಂದ ಫೋನ್ ಎಷ್ಟು, ಅದರಲ್ಲಿ ಎತ್ತಲಾಗದೆ ಹೋದದ್ದೆಷ್ಟು, ಹೊಸ ಫೈಲ್ ಎಷ್ಟು, ಫಾಲೋಅಪ್ ಎಷ್ಟು, ಆಪರೇಷನ್ ಬೇಕಿಲ್ಲ ಎಂದು ಕಳಿಸಿದವರೆಷ್ಟು, ತಪಾಸಣೆ ಮುಗಿಯದೆ ನಿಂತ ಫೈಲ್ ಎಷ್ಟು, ಇನ್ಶೂರೆನ್ಸ್ ಮಂಜೂರಾತಿಗೆ ಕಾದಿರುವುದೆಷ್ಟು, ಡೇಟ್ ಕೊಟ್ಟರೂ ಬಾರದವರೆಷ್ಟು. ಕಂಪ್ಯೂಟರಿನಲ್ಲಿ ಈ ಲೆಕ್ಕವೆಲ್ಲ ಇದೆ ಎಂದು ಐಟಿಯವರು ಹೇಳುತ್ತಾರೆ. ಎತ್ತದ ಫೋನ್ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಹಾಗಾಗಿ ನೋಟ್‌ಬುಕ್ಕೇ ಇರಲಿ.

ಎರಡು ವಾರ ಬರೆದ ಮೇಲೆ ಒಂದು ಸರಳ ಗುಣಾಕಾರ ಮಾಡಿ. 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸೂತ್ರ ಇದು: ಸರದಿಯಲ್ಲಿ ಇರುವವರ ಸಂಖ್ಯೆ ಎಂದರೆ ವಾರಕ್ಕೆ ಬಂದು ಸೇರುವವರ ಸಂಖ್ಯೆಯನ್ನು ಕಾಯುವ ವಾರಗಳಿಂದ ಗುಣಿಸಿದಷ್ಟು. ಇದನ್ನು ನಿಮ್ಮ ಕ್ಲಿನಿಕ್‌ಗೆ ಹೊಂದಿಸಿ ನೋಡಿ. ವಾರಕ್ಕೆ 8 ಮಂದಿಗೆ “ಆಪರೇಷನ್ ಮಾಡೋಣ” ಎಂದು ಹೇಳಿ 6 ಮಾತ್ರ ಮಾಡುತ್ತಿದ್ದರೆ ವಾರಕ್ಕೆ ಇಬ್ಬರು ಉಳಿಯುತ್ತಾರೆ. ವರ್ಷಕ್ಕೆ 48 ಕೆಲಸದ ವಾರ ಹಿಡಿದರೆ ವರ್ಷದ ಕೊನೆಗೆ 96 ಮಂದಿ ಬಾಕಿ. ವಾರಕ್ಕೆ 6ರಂತೆ ಇವರದು ಮುಗಿಯಲು, ಅವರ ಹಿಂದೆ ಬಂದು ನಿಂತವರು 16 ವಾರ ಕಾಯಬೇಕು. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ, ಸ್ಟಾಫ್ ಮೇಲೆ ಕೂಗಾಡಿದರೆ ಒಂದು ದಿನವೂ ಕಡಿಮೆಯಾಗುವುದಿಲ್ಲ. ಒಂದೋ ವಾರಕ್ಕೆ ಎರಡು ಆಪರೇಷನ್ ಹೆಚ್ಚಬೇಕು, ಇಲ್ಲವೇ ‘ಮಾಡೋಣ’ ಎನ್ನುವುದು ಕಡಿಮೆಯಾಗಬೇಕು.

ಹಂತ 2: ಹಳಬರ ಜಾಗ ಮೊದಲು ಕಾಯ್ದಿರಿಸಿ

ಇಡೀ ಬರಹದಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರಿದ್ದರೆ ಇದನ್ನು ಪಾಲಿಸಲಿ.

ಅಪೆಂಡಿಕ್ಸ್ ಆಪರೇಷನ್ ಆದವರು ಹೊಲಿಗೆ ತೆಗೆಸಿಕೊಂಡು ಹೋದರೆ ಮತ್ತೆ ಬರಬೇಕಿಲ್ಲ. ಬೊಜ್ಜಿನ ಆಪರೇಷನ್ ಹಾಗಲ್ಲ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ತೆಗೆದುಹಾಕುತ್ತಾರೆ, ಬೈಪಾಸ್‌ನಲ್ಲಿ ಆಹಾರ ಹೋಗುವ ದಾರಿಯನ್ನೇ ಬದಲಿಸುತ್ತಾರೆ. ಆಮೇಲೆ ಕಬ್ಬಿಣ, ಬಿ12, ಡಿ ಜೀವಸತ್ವ, ಕ್ಯಾಲ್ಸಿಯಂ ಎಲ್ಲವನ್ನೂ ಜೀವಮಾನವಿಡೀ ನೋಡಿಕೊಳ್ಳಬೇಕು. ಎರಡನೆಯ ವಾರ, ಒಂದು ತಿಂಗಳು, ಮೂರು, ಆರು, ಹನ್ನೆರಡು ತಿಂಗಳು ಎಂದು ಮೊದಲ ವರ್ಷ ಕಡಿಮೆಯೆಂದರೂ ಐದು ಭೇಟಿ. ಆಮೇಲೆ ವರ್ಷಕ್ಕೊಂದು, ಸಾಯುವ ತನಕ.

ಲೆಕ್ಕ ಹಾಕೋಣ. ವಾರಕ್ಕೆ 6 ಆಪರೇಷನ್ ಎಂದರೆ 48 ವಾರಕ್ಕೆ 288. ತಲಾ ಐದು ಭೇಟಿ ಎಂದರೆ 1,440. ವಾರಕ್ಕೆ 30 ಫಾಲೋಅಪ್. ಇದು ಮೊದಲ ವರ್ಷದವರದ್ದು ಮಾತ್ರ. ಕ್ಲಿನಿಕ್‌ಗೆ ಆರನೆಯ ವರ್ಷ ಬರುವ ಹೊತ್ತಿಗೆ ವರ್ಷಕ್ಕೊಮ್ಮೆ ಬರಬೇಕಾದ ಹಳಬರು ನಾಲ್ಕು ವರ್ಷದ್ದು ಸೇರಿ 1,152. ವಾರಕ್ಕೆ ಇನ್ನೂ 24. ಒಟ್ಟು 54 ಮಂದಿ, ಒಬ್ಬರಿಗೆ ಹದಿನೈದು ನಿಮಿಷ ಎಂದರೂ ವಾರಕ್ಕೆ ಹದಿಮೂರೂವರೆ ಗಂಟೆ. ಒಬ್ಬೇ ಒಬ್ಬ ಹೊಸ ರೋಗಿಯನ್ನು ನೋಡುವ ಮೊದಲೇ ಹೆಚ್ಚುಕಡಿಮೆ ಎರಡು ಪೂರ್ತಿ ಓಪಿಡಿ ದಿನ ಮುಗಿಯಿತು.

ವಾಸ್ತವದಲ್ಲಿ ಇಷ್ಟು ಮಂದಿ ಬರುವುದಿಲ್ಲ. ಹಾಗಾಗಿಯೇ ಕ್ಲಿನಿಕ್‌ಗಳು ನಡೆಯುತ್ತಿವೆ, ಹಾಗಾಗಿಯೇ ಎಷ್ಟೋ ಮಂದಿ ಮೂರನೆಯ ವರ್ಷ ರಕ್ತಹೀನತೆಯಿಂದ ಸುಸ್ತಾಗಿ ಬೇರೆ ಯಾರದೋ ಬಾಗಿಲು ತಟ್ಟುತ್ತಾರೆ. ಹಳಬರು ಬಾರದಿರುವುದರ ಮೇಲೆ ನಿಂತ ವ್ಯವಸ್ಥೆಯನ್ನು ಒಳ್ಳೆಯ ವ್ಯವಸ್ಥೆ ಎಂದು ನಾನು ಕರೆಯಲಾರೆ.

ಮಾಡಬೇಕಾದದ್ದು ಇಷ್ಟು. ವಾರದ ಓಪಿಡಿ ಹಾಳೆ ತೆಗೆದು ಫಾಲೋಅಪ್ ಸ್ಲಾಟ್‌ಗಳನ್ನು ಮೊದಲು ಬರೆಯಿರಿ. ಉಳಿದ ಜಾಗ ಹೊಸಬರಿಗೆ. ಆಪರೇಷನ್ ಆದವರು ಮನೆಗೆ ಹೊರಡುವ ದಿನವೇ ಐದೂ ಭೇಟಿಗಳ ತಾರೀಖು ಡಿಸ್ಚಾರ್ಜ್ ಹಾಳೆಯ ಮೇಲೆ ಇರಲಿ. “ಬೇಕಾದಾಗ ಫೋನ್ ಮಾಡಿ ಬನ್ನಿ” ಎಂದರೆ ಯಾರೂ ಬರುವುದಿಲ್ಲ. ದೂರದ ಊರಿನವರಿಗೆ ಎಲ್ಲ ಭೇಟಿಗೂ ಕ್ಲಿನಿಕ್‌ಗೇ ಬಾ ಎನ್ನುವುದೂ ಅನ್ಯಾಯ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ವಿಡಿಯೋ ಮೂಲಕ ನೋಡಲು ಅವಕಾಶ ಕೊಟ್ಟಿದೆ. ಬೀದರಿನವರು ಅಲ್ಲಿಯೇ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ಕಳಿಸಲಿ, ಡಯಟೀಷಿಯನ್ ವಿಡಿಯೋದಲ್ಲಿ ಮಾತಾಡಲಿ. ಎಲ್ಲ ಸರಿಯಿದ್ದರೆ ಮೂರನೆಯ ತಿಂಗಳ ಭೇಟಿಗೆ ರಾತ್ರಿ ಬಸ್ಸು ಹತ್ತಿಸಬೇಕಾಗಿಲ್ಲ.

ಹಂತ 3: ಫೋನಿನಲ್ಲೇ ಅರ್ಧ ಕೆಲಸ ಮುಗಿಸಿ

ಹೊಸಬರಲ್ಲಿ ಅನೇಕರಿಗೆ ನಿಮ್ಮ ಕ್ಲಿನಿಕ್‌ನಲ್ಲಿ ಕೆಲಸವೇ ಇರುವುದಿಲ್ಲ. ಅದು ಅವರಿಗೆ ತಿಳಿಯುವುದು ಮೂರು ಗಂಟೆ ಕಾದು, ಫೀಸು ಕಟ್ಟಿದ ಮೇಲೆ. ಫೋನ್ ಎತ್ತಿದವರೇ ಕೆಲವು ಪ್ರಶ್ನೆ ಕೇಳಿದ್ದರೆ ಇಬ್ಬರಿಗೂ ಉಪಕಾರವಾಗುತ್ತಿತ್ತು.

ಕೇಳಬೇಕಾದ್ದು: ವಯಸ್ಸು, ಎತ್ತರ, ತೂಕ, ಶುಗರ್, ಬಿಪಿ, ಥೈರಾಯ್ಡ್ ಇದೆಯೇ, ಯಾವ ಮಾತ್ರೆ, ರಾತ್ರಿ ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹಿಂದೆ ಹೊಟ್ಟೆಯ ಆಪರೇಷನ್, ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೀರಾ, ಬೀಡಿ, ಸಿಗರೇಟು, ಕುಡಿತ, ಇನ್ಶೂರೆನ್ಸ್ ಇದೆಯೇ, ಪಾಲಿಸಿ ಎಷ್ಟು ಹಳೆಯದು.

ಮಾತಿನ ಧಾಟಿ ಹೀಗಿರಲಿ:

“ಅಮ್ಮಾ, ನಿಮ್ಮ ಎತ್ತರ, ತೂಕ ಅಂದಾಜು ಹೇಳ್ತೀರಾ? ಇದನ್ನ ಎಲ್ಲರಿಗೂ ಕೇಳ್ತೀವಿ.”

“ಎತ್ತರ ಐದು ಎರಡಿರಬೇಕು. ತೂಕ... ಜಾಸ್ತಿ ಇದೆ ಮೇಡಂ.”

“ಪರವಾಗಿಲ್ಲಮ್ಮ, ಇಲ್ಲಿಗೆ ಬರೋರೆಲ್ಲ ಅದಕ್ಕೇ ತಾನೇ ಬರೋದು. ತೊಂಬತ್ತರ ಮೇಲಿದೆಯಾ, ಕೆಳಗಾ?”

“ತೊಂಬತ್ತೆರಡು.”

“ಆಯ್ತು. ಶುಗರ್ ಇದೆಯಾ?”

“ಜಾಸ್ತಿ ಇದೆ” ಎಂದವರ ಹತ್ತಿರ ಸಂಖ್ಯೆ ಹೊರಡಿಸುವುದು ಹೀಗೆ. “ಎಷ್ಟು ಕೆಜಿ?” ಎಂದು ನೇರ ಕೇಳಿದರೆ ಫೋನ್ ಇಟ್ಟುಬಿಡುವವರಿದ್ದಾರೆ.

ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. 92 ಕೆಜಿ, 158 ಸೆಂಟಿಮೀಟರ್ ಎಂದರೆ ಸುಮಾರು 37. ಜತೆಗೆ ಶುಗರ್ ಇದ್ದರೆ ಸರ್ಜನ್ ನೋಡಲೇಬೇಕಾದ ಕೇಸು. ಎಂಗೇಜ್‌ಮೆಂಟ್ ಹುಡುಗಿ 70 ಕೆಜಿ, 160 ಸೆಂಟಿಮೀಟರ್ ಇದ್ದರೆ ಅವಳದ್ದು 27ರ ಆಸುಪಾಸು. ಅವಳಿಗೆ ಬೇಕಾದದ್ದು ಡಯಟೀಷಿಯನ್, ಬಹುಶಃ ತಾಯಿಯ ಹತ್ತಿರ ಕೂತು ಸಮಾಧಾನ ಹೇಳುವ ಒಬ್ಬರು. ಆಪರೇಷನ್ ಅಲ್ಲ.

ಗೆರೆ ಎಲ್ಲಿ ಎಳೆಯಬೇಕು? 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಹಾಕಿದ ಗೆರೆ ಬಿಎಂಐ 40, ಜತೆಗೆ ಕಾಯಿಲೆಗಳಿದ್ದರೆ 35. ನಮ್ಮವರಿಗೆ ಕಡಿಮೆ ತೂಕಕ್ಕೇ ಹೊಟ್ಟೆ ಬಂದು ಶುಗರ್ ಹತ್ತಿಕೊಳ್ಳುವುದರಿಂದ ಭಾರತದ ಸರ್ಜನ್‌ಗಳು ಬಹುಕಾಲ 37.5 ಮತ್ತು 32.5 ಹಿಡಿದರು. 2022ರಲ್ಲಿ ಬೊಜ್ಜಿನ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘಟನೆ ಇಫ್ಸೋ ಮತ್ತು ಅಮೆರಿಕದ ಅಂಥದೇ ಸಂಘ ಸೇರಿ ಗೆರೆಯನ್ನು ಇನ್ನೂ ಇಳಿಸಿ, ಏಷ್ಯಾದವರಿಗೆ 27.5ರಿಂದಲೇ ಪರಿಗಣಿಸಬಹುದು ಎಂದವು. ಈ ಮೂರರಲ್ಲಿ ನಿಮ್ಮ ಕ್ಲಿನಿಕ್ ಯಾವುದನ್ನು ಅನುಸರಿಸುತ್ತದೆ ಎಂದು ಸರ್ಜನ್ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೌಂಟರಿಗೆ ಅಂಟಿಸಬೇಕು. ರಿಸೆಪ್ಷನ್ ಹುಡುಗಿ ಯಾರನ್ನೂ ‘ನಿಮಗೆ ಆಗಲ್ಲ’ ಎಂದು ಕಳಿಸುವಂತಿಲ್ಲ. ಆಕೆ ಹಾಳೆ ನೋಡಿ ಯಾವ ಓಪಿಡಿಗೆ ಎಂದು ಹಂಚುತ್ತಾಳೆ, ಅಷ್ಟೆ. ಅನುಮಾನ ಬಂದದ್ದು ಡಾಕ್ಟರ ಮೇಜಿಗೆ.

ಹಂತ 4: ಒಂದೇ ಮಾತನ್ನು ನಲವತ್ತು ಸಲ ಹೇಳಬೇಡಿ

ಸರ್ಜನ್‌ನ ಅರ್ಧ ಓಪಿಡಿ ಒಂದೇ ಉತ್ತರದಲ್ಲಿ ಕಳೆಯುತ್ತದೆ. ಮುದ್ದೆ ತಿನ್ನಬಹುದಾ? ಕೂದಲು ಉದುರುತ್ತಾ? ಮಗು ಯಾವಾಗ ಮಾಡಿಕೊಳ್ಳಬಹುದು? ಮತ್ತೆ ದಪ್ಪ ಆಗ್ತೀನಾ? ಏಕಾದಶಿ ಉಪವಾಸ ಮಾಡಬಹುದಾ?

ಶನಿವಾರ ಮಧ್ಯಾಹ್ನ ಒಂದು ಗುಂಪು ಸಭೆ ಇಡಿ. ಹದಿನೈದು, ಇಪ್ಪತ್ತು ಮಂದಿ, ಮನೆಯವರೂ ಬರಲಿ. ಅಡುಗೆ ಮಾಡುವವರು ಬಂದೇ ಬರಬೇಕು, ಯಾಕೆಂದರೆ ಆಮೇಲೆ “ಸ್ವಲ್ಪ ಹಾಕ್ಕೋ, ಏನೂ ಆಗಲ್ಲ” ಎನ್ನುವವರು ಅವರೇ. ಕನ್ನಡದಲ್ಲಿ ಮಾತಾಡಿ. ಸ್ಲೈಡ್ ಇಂಗ್ಲಿಷಿನಲ್ಲಿ ಹಾಕಿ ಬಾಯಲ್ಲಿ ಕನ್ನಡ ಹೇಳುವ ಪದ್ಧತಿ ಬಿಡಿ. ಕೂದಲು ಮೂರರಿಂದ ಆರನೆಯ ತಿಂಗಳಲ್ಲಿ ಉದುರಬಹುದು, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಬಸಿರು ಹನ್ನೆರಡರಿಂದ ಹದಿನೆಂಟು ತಿಂಗಳು ಮುಂದೂಡಬೇಕು. ದಿನಕ್ಕೆ ಕಡಿಮೆಯೆಂದರೆ 60 ಗ್ರಾಂ ಪ್ರೋಟೀನ್ ಬೇಕು. ಸಸ್ಯಾಹಾರಿಗಳ ಮನೆಯಲ್ಲಿ ಅದು ಹೇಗೆ ಎನ್ನುವುದನ್ನು ಡಯಟೀಷಿಯನ್ ಕಾಳು, ಮೊಸರು, ಪನೀರ್, ಸೋಯಾ ಇಟ್ಟುಕೊಂಡು ತೋರಿಸಲಿ. ತೂಕ ಮರಳಿ ಏರುವುದುಂಟು ಎನ್ನುವುದನ್ನೂ ಮುಚ್ಚಿಡಬೇಡಿ.

ಸಭೆಯಾದ ಮೇಲೆ ಕೆಲವರು ಹಿಂದೆ ಸರಿಯುತ್ತಾರೆ. ಆಪರೇಷನ್ ಎಂದರೆ ಒಂದು ದಿನದ ಕೆಲಸ ಎಂದುಕೊಂಡು ಬಂದವರು ಅವರು. ಹೋಗಲಿ ಬಿಡಿ. ಡೇಟ್ ತೆಗೆದುಕೊಂಡು ಹಿಂದಿನ ದಿನ ಫೋನ್ ಸ್ವಿಚ್ ಆಫ್ ಮಾಡುವುದಕ್ಕಿಂತ ಇದು ಮೇಲು.

ಎಚ್ಚರ: ಸಭೆಯಲ್ಲಿ ಯಾರ ತೂಕವನ್ನೂ ಕೇಳಬೇಡಿ. ಒಪ್ಪಿಗೆ ಪತ್ರದ ಮಾತುಕತೆ ಒಬ್ಬೊಬ್ಬರ ಜೊತೆ, ಬಾಗಿಲು ಹಾಕಿಕೊಂಡು ನಡೆಯಬೇಕು. ಬಂದವರನ್ನೆಲ್ಲ ಕೇಳದೆ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಬೇಡಿ. ಸೊಸೆಗೆ ತಿಳಿಯದ ಹಾಗೆ ಬಂದ ಅತ್ತೆಯ ನಂಬರು ಅದರಲ್ಲಿ ಎಲ್ಲರಿಗೂ ಕಾಣುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯ ಮಾತನ್ನೇ ಹೇಳುತ್ತದೆ.

ಹಂತ 5: ಫೈಲ್ ಪೂರ್ತಿಯಾಗದೆ ಡೇಟ್ ಇಲ್ಲ

ರೋಗಿ ಕೇಳಿದ ತಕ್ಷಣ ಡೇಟ್ ಕೊಟ್ಟುಬಿಡುವ ಚಟ ಹಲವು ಕ್ಲಿನಿಕ್‌ಗಳಿಗಿದೆ. ಆಮೇಲೆ ಆಪರೇಷನ್ನಿನ ಹಿಂದಿನ ಸಂಜೆ ಅನಸ್ತೇಷಿಯಾ ಡಾಕ್ಟರು “ಇವರಿಗೆ ಸ್ಲೀಪ್ ಸ್ಟಡಿ ಆಗಿಲ್ಲ” ಎನ್ನುತ್ತಾರೆ, ಕೇಸು ಕ್ಯಾನ್ಸಲ್. ಖಾಲಿಯಾದ ಆ ಒಟಿ ಸಮಯ ಯಾರಿಗೂ ಸಿಗುವುದಿಲ್ಲ.

ಫೈಲಿನ ಮುಖಪುಟದ ಮೇಲೆ ಚೌಕಗಳಿರುವ ಪಟ್ಟಿ ಅಂಟಿಸಿ: ರಕ್ತ ಪರೀಕ್ಷೆಗಳು, ಎಚ್‌ಬಿಎ1ಸಿ, ಥೈರಾಯ್ಡ್, ಬಿ12 ಮತ್ತು ಡಿ, ಹೊಟ್ಟೆಯ ಸ್ಕ್ಯಾನ್, ಎಂಡೋಸ್ಕೋಪಿ, ಇಸಿಜಿ ಮತ್ತು ಎಕೋ, ಗೊರಕೆಯವರಿಗೆ ಸ್ಲೀಪ್ ಸ್ಟಡಿ, ಮನೋವೈದ್ಯರ ಅಭಿಪ್ರಾಯ, ಡಯಟೀಷಿಯನ್, ಅನಸ್ತೇಷಿಯಾ. ಇವುಗಳಲ್ಲಿ ಬಹುಪಾಲನ್ನು ಒಂದೇ ದಿನ, ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಸಾಲಾಗಿ ಮುಗಿಸಬಹುದು. ಊರಿಂದ ಬಂದವರಿಗೆ ಬುಧವಾರ ಎಂದು ಒಂದು ದಿನ ಗೊತ್ತುಮಾಡಿ, ಲ್ಯಾಬಿಗೂ ಸ್ಕ್ಯಾನಿಂಗಿಗೂ ಮುಂಚೆಯೇ ಹೆಸರು ಕಳಿಸಿ. ಎಲ್ಲ ಚೌಕಗಳಿಗೂ ಟಿಕ್ ಬಿದ್ದ ಮೇಲೆ ಡೇಟ್. ಸಿಗರೇಟು ಸೇದುವವರು ನಿಲ್ಲಿಸಿ ಆರು ವಾರವಾದರೂ ಆಗಿರಲಿ.

ಪಟ್ಟಿಯಲ್ಲಿ ಹೊಸದಾಗಿ ಸೇರಬೇಕಾದ ಚೌಕ ತೂಕ ಇಳಿಸುವ ಇಂಜೆಕ್ಷನ್ನಿನದು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ತೆಗೆದುಕೊಳ್ಳುವವರ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದು, ಅರಿವಳಿಕೆ ಕೊಡುವಾಗ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಅನೇಕರು ಇದನ್ನು ಔಷಧ ಎಂದೇ ಲೆಕ್ಕಿಸುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ.

ಆಪರೇಷನ್‌ಗೆ ಮುಂಚೆ ಸುಮಾರು ಎರಡು ವಾರದ ಕಡಿಮೆ ಕ್ಯಾಲೊರಿ ಪಥ್ಯವಿರುತ್ತದಲ್ಲ, ಲಿವರ್ ಕುಗ್ಗಿ ಸರ್ಜನ್‌ಗೆ ಜಾಗ ಸಿಗಲೆಂದು, ಅದು ನಿಮಗೂ ಒಂದು ಅನುಕೂಲ. ಕೊನೆಯ ಗಳಿಗೆಯಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಆ ಜಾಗಕ್ಕೆ ಬರಬಲ್ಲವರು ಪಥ್ಯ ಶುರುಮಾಡಿದವರು ಮಾತ್ರ. ಅಂಥ ಇಬ್ಬರು ಮೂವರ ಹೆಸರು ಸದಾ ಕೈಯಲ್ಲಿರಲಿ. ಅಮಾವಾಸ್ಯೆ ಬೇಡ, ರಾಹುಕಾಲ ಬೇಡ ಎನ್ನುವವರು ನಮ್ಮಲ್ಲಿ ಇದ್ದೇ ಇರುತ್ತಾರೆ. ವಾದ ಮಾಡಬೇಡಿ. “ಅಮಾವಾಸ್ಯೆಗೆ ಅಡ್ಡಿಯಿಲ್ಲ” ಎನ್ನುವವರ ಒಂದು ಪಟ್ಟಿ ಇಟ್ಟುಕೊಂಡರೆ ಅವರಿಗೂ ಬೇಗ ಡೇಟ್, ನಿಮ್ಮ ಒಟಿಯೂ ಖಾಲಿ ಬೀಳುವುದಿಲ್ಲ.

ಹಂತ 6: ಸರದಿಯ ನಿಯಮ ಗೋಡೆಯ ಮೇಲಿರಲಿ

ಮೊದಲು ಬಂದವರಿಗೆ ಮೊದಲು ಎನ್ನುವುದು ನ್ಯಾಯವಾಗಿ ಕಾಣುತ್ತದೆ. ತೂಕ ಹೆಚ್ಚಿದ್ದವರಿಗೆ ಮೊದಲು ಎನ್ನುವುದು ಇನ್ನೂ ಸರಿ ಎನಿಸುತ್ತದೆ. ಎರಡೂ ಸಾಲದು. ಕೋವಿಡ್‌ನಿಂದ ಆಪರೇಷನ್‌ಗಳೆಲ್ಲ ನಿಂತು ಸರದಿ ಬೆಳೆದ 2020ರಲ್ಲಿ, ಸರ್ಜನ್ ಫ್ರಾನ್ಸೆಸ್ಕೊ ರುಬಿನೊ ಮತ್ತು ಜತೆಗಾರ ತಜ್ಞರು ಯಾರಿಗೆ ಆದ್ಯತೆ ಎನ್ನುವ ಶಿಫಾರಸು ಪ್ರಕಟಿಸಿದರು. ಅವರ ವಾದದ ತಿರುಳು ಇದು: ಬಿಎಂಐ ಒಂದನ್ನೇ ನೋಡಬೇಡಿ, ಕಾಯಿಲೆ ಎಷ್ಟು ಬಲಿತಿದೆ, ತಡವಾದರೆ ಏನು ಹಾಳಾಗುತ್ತದೆ ಎನ್ನುವುದನ್ನು ನೋಡಿ. ಅದೇ ರುಬಿನೊ ಅಧ್ಯಕ್ಷತೆಯ, ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2025ರ ಜನವರಿಯಲ್ಲಿ, ಅಂಗಾಂಗಗಳಿಗೆ ತೊಂದರೆ ಕೊಟ್ಟಿರುವ ಬೊಜ್ಜನ್ನೂ ಇನ್ನೂ ಕೊಡದ ಬೊಜ್ಜನ್ನೂ ಬೇರೆ ಬೇರೆ ನೋಡಬೇಕೆಂದಿತು.

ಹಾಗಾಗಿ ಫೈಲಿನ ಮೇಲೆ ಮೂರು ಬಣ್ಣ. ಕೆಂಪು: ಹಿಂದಿನ ಆಪರೇಷನ್ನಿನ ತೊಡಕು, ಊಟ ಇಳಿಯದಿರುವುದು, ಸೋರಿಕೆಯ ಅನುಮಾನ. ಇವು ಸರದಿಯಲ್ಲಿ ನಿಲ್ಲುವಂಥವಲ್ಲ. ಹಳದಿ: ಇನ್ಸುಲಿನ್ ಹಾಕಿಯೂ ಹತೋಟಿಗೆ ಬಾರದ ಶುಗರ್, ತೀವ್ರ ಸ್ಲೀಪ್ ಅಪ್ನಿಯಾ, ಕಿಡ್ನಿ ಅಥವಾ ಹೃದಯದ ತೊಂದರೆ, ಅಂಗಾಂಗ ಕಸಿಗಾಗಿ ತೂಕ ಇಳಿಸಬೇಕಾದವರು. ಹಸಿರು: ಉಳಿದವರೆಲ್ಲ, ಬಂದ ಕ್ರಮದಲ್ಲಿ.

ಈ ನಿಯಮವನ್ನು ಗೋಡೆಗೆ ಹಾಕಿ. “ಮಿನಿಸ್ಟರ ಪಿಎ ಫೋನ್ ಮಾಡಿದ್ದಾರೆ” ಎಂದು ಆಡಳಿತ ಕಚೇರಿಯಿಂದ ಯಾರಾದರೂ ಓಡಿ ಬಂದಾಗ ಕೋಆರ್ಡಿನೇಟರ್ ತೋರಿಸಲು ಏನಾದರೂ ಬೇಕಲ್ಲ. ಗೋಡೆಯ ಮೇಲಿನ ಹಾಳೆಗೆ ಇರುವ ಧೈರ್ಯ ಸಂಬಳದಾಕೆಗೆ ಇರುವುದಿಲ್ಲ.

ಹಂತ 7: ಇನ್ಶೂರೆನ್ಸ್ ಮಾತು ಮೊದಲ ದಿನವೇ

ಡಾಕ್ಟರ ಗೆರೆ ಬೇರೆ, ಇನ್ಶೂರೆನ್ಸ್‌ನವರ ಗೆರೆ ಬೇರೆ. 2019ರಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಎಲ್ಲ ಆರೋಗ್ಯ ವಿಮೆಗಳಿಗೂ ಒಂದೇ ಬಗೆಯ ವಾಕ್ಯ ತಂದಿತು. ವಯಸ್ಸು 18 ತುಂಬಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಅಥವಾ ಅದಕ್ಕೂ ಹೆಚ್ಚಿರಬೇಕು. 40ಕ್ಕಿಂತ ಕಡಿಮೆ, ಆದರೆ 35 ಅಥವಾ ಅದಕ್ಕೂ ಮೇಲಿದ್ದರೆ ಬೇರೆ ಚಿಕಿತ್ಸೆಗಳು ಫಲಿಸದೆ ಹೋಗಿರಬೇಕು, ಜತೆಗೆ ಹೃದ್ರೋಗ, ತೀವ್ರ ಸ್ಲೀಪ್ ಅಪ್ನಿಯಾ, ಹತೋಟಿ ತಪ್ಪಿದ ಟೈಪ್ 2 ಮಧುಮೇಹದಂಥದ್ದು ಇರಬೇಕು. ಅಂದರೆ ಬಿಎಂಐ 33 ಇರುವ, ಶುಗರ್ ಮುನ್ನೂರು ದಾಟುವ ರೋಗಿಗೆ ಸರ್ಜನ್ ಆಪರೇಷನ್ ಹೇಳಬಹುದು, ಕಂಪನಿ ಹಣ ಕೊಡಲಿಕ್ಕಿಲ್ಲ. ಇದು ಪ್ರೀ-ಆಥ್ (ಇನ್ಶೂರೆನ್ಸ್‌ನ ಮುಂಗಡ ಮಂಜೂರಾತಿ) ತಿರಸ್ಕಾರವಾದ ದಿನ ತಿಳಿಯುವುದಕ್ಕಿಂತ ಮೊದಲ ದಿನವೇ ತಿಳಿಯಲಿ. ಹಣ ಹೊಂದಿಸಲು ಹೋದವರ ಫೈಲ್ ತಿಂಗಳುಗಟ್ಟಲೆ ಸರದಿಯಲ್ಲಿ ಜಾಗ ಹಿಡಿದು ಕೂತಿರುತ್ತದೆ.

ಹಂತ 8: ಫೋನ್ ಎತ್ತುವವರಿಗೆ ಅಪಾಯದ ಪಟ್ಟಿ ಬಾಯಿಪಾಠ ಮಾಡಿಸಿ

ರಶ್ಶಿನ ದಿನ ನಿಜವಾದ ಅನಾಹುತ ಆಗುವುದು ಕಾಯುವವರಿಗಲ್ಲ, ಆಗಲೇ ಆಪರೇಷನ್ ಆದವರಿಗೆ. ಎದೆಬಡಿತ ನಿಮಿಷಕ್ಕೆ 120 ದಾಟುವುದು, ಜ್ವರ, ಏದುಸಿರು, ಹೆಚ್ಚುತ್ತಿರುವ ಹೊಟ್ಟೆನೋವು ಅಥವಾ ಭುಜದ ನೋವು, ನೀರೂ ನಿಲ್ಲದ ವಾಂತಿ, ಒಂದು ಮೀನಖಂಡ ಊದಿ ನೋಯುವುದು, ಕಪ್ಪು ಮಲ. ಇವುಗಳಲ್ಲಿ ಒಂದು ಮಾತು ಕಿವಿಗೆ ಬಿದ್ದರೂ ಟೋಕನ್ ಇಲ್ಲ, ನಾಳೆ ಇಲ್ಲ. ಫೋನ್ ನೇರ ಡ್ಯೂಟಿ ಡಾಕ್ಟರಿಗೆ, ರೋಗಿ ನೇರ ಎಮರ್ಜೆನ್ಸಿಗೆ.

ವಾಂತಿಯ ಬಗ್ಗೆ ಇನ್ನೊಂದು ಮಾತು. ಬಿ1 ಜೀವಸತ್ವ, ಅಂದರೆ ಥಯಮಿನ್, ದೇಹದಲ್ಲಿ ಎರಡು ಮೂರು ವಾರಕ್ಕೆ ಸಾಲುವಷ್ಟೇ ಇರುತ್ತದೆ. ಮೊದಲೇ ಊಟ ಕಡಿಮೆ, ಅದರ ಮೇಲೆ ದಿನಗಟ್ಟಲೆ ವಾಂತಿಯಾದರೆ ಅದು ಬರಿದಾಗಿ ಮಿದುಳಿಗೇ ಪೆಟ್ಟು ಬೀಳಬಹುದು. ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಅಸಂಬದ್ಧವಾಗುವುದು ಅದರ ಗುರುತು. ಊರಿನ ನರ್ಸಿಂಗ್ ಹೋಮಿನಲ್ಲಿ ‘ಸುಸ್ತು’ ಎಂದು ಬರೀ ಗ್ಲೂಕೋಸ್ ಏರಿಸಿದರೆ ಇದು ಇನ್ನೂ ಕೆಡುತ್ತದೆ, ಥಯಮಿನ್ ಮೊದಲು ಕೊಡಬೇಕು. ಈ ಒಂದು ವಾಕ್ಯ ಡಿಸ್ಚಾರ್ಜ್ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಇರಲಿ, ರೋಗಿ ಅದನ್ನು ಊರಿನ ಡಾಕ್ಟರಿಗೆ ತೋರಿಸಬಹುದು. ಮೂವತ್ತೆಂಟನೆಯ ಟೋಕನ್ ಹಿಡಿದು ಮೂಲೆಯಲ್ಲಿ ಕೂತ ಹೆಂಗಸಿಗೆ ಬೇಕಿದ್ದದ್ದು ಇಷ್ಟೆ, ಕೌಂಟರಿನವರು “ಯಾಕಮ್ಮಾ ಬಂದಿದ್ದು?” ಎಂದು ಕೇಳಿ ಉತ್ತರವನ್ನು ಪಟ್ಟಿಯ ಜೊತೆ ತಾಳೆ ನೋಡುವುದು.

ಉಳಿದ ಕೆಲಸವನ್ನೂ ಹಂಚಿ. ಮಾತ್ರೆ ಮುಗಿದವರ ಚೀಟಿ, ಪಥ್ಯದ ಅನುಮಾನ, ಮಾಮೂಲಿ ರಿಪೋರ್ಟ್ ನರ್ಸ್ ಮತ್ತು ಡಯಟೀಷಿಯನ್‌ಗೆ ಬರಲಿ. ಅವರಿಗೆ ಅರ್ಥವಾಗದ್ದು ಮಾತ್ರ ಸರ್ಜನ್‌ಗೆ.

ಹಂತ 9: ಕುರ್ಚಿ, ತೂಕದ ಯಂತ್ರ, ಬಿಪಿ ಪಟ್ಟಿ

ಕೈ ಇಲ್ಲದ ಅಗಲ ಬೆಂಚುಗಳು ಬೇಕು. ಪ್ಲಾಸ್ಟಿಕ್ ಕುರ್ಚಿ ಮುರಿದೀತೆಂದು ನಿಂತೇ ಕಾಯುವವರನ್ನು ಯಾರು ಬೇಕಾದರೂ ನೋಡಿರಬಹುದು. ಸಾಧಾರಣ ತೂಕದ ಯಂತ್ರ 150 ಕೆಜಿಗೆ ಕೈಚೆಲ್ಲುತ್ತದೆ, ಹೆಚ್ಚು ಸಾಮರ್ಥ್ಯದ್ದು ತನ್ನಿ. ಅದನ್ನು ಕಾರಿಡಾರಿನಲ್ಲಿ ಇಡಬೇಡಿ, ಸಂಖ್ಯೆಯನ್ನು ಕೂಗಿ ಹೇಳಬೇಡಿ. ಬಿಪಿ ನೋಡಲು ದೊಡ್ಡ ಪಟ್ಟಿ ಇಲ್ಲದಿದ್ದರೆ ಎಲ್ಲರ ಬಿಪಿಯೂ ಹೆಚ್ಚಾಗಿಯೇ ಕಾಣುತ್ತದೆ, ಆಮೇಲೆ ಇಲ್ಲದ ಬಿಪಿಗೆ ಫಿಸಿಷಿಯನ್ ಓಪಿಡಿಯಲ್ಲಿ ಇನ್ನೊಂದು ಸರದಿ.

ಹಂತ 10: ಬಾಗಿಲು ಹಾಕುವುದನ್ನೂ ಕಲಿಯಿರಿ

ಇಷ್ಟೆಲ್ಲ ಮಾಡಿದ ಮೇಲೂ ಸರದಿ ಬೆಳೆಯುತ್ತಲೇ ಇದ್ದರೆ ಹೊಸ ನೋಂದಣಿ ನಿಲ್ಲಿಸಿ. ಹಳದಿ ಮತ್ತು ಕೆಂಪು ಬಣ್ಣದವರಿಗೆ ಬಿಟ್ಟು ಉಳಿದವರಿಗೆ ಒಂದು ತಿಂಗಳೋ ಎರಡು ತಿಂಗಳೋ ಇಲ್ಲ ಎನ್ನಿ. ಮಾಲೀಕರಿಗೆ ಇದು ಅಪಥ್ಯ. ಆದರೆ ನಾಲ್ಕು ತಿಂಗಳ ಸರದಿ ಇಟ್ಟುಕೊಂಡು ‘ಮೊದಲು–ನಂತರ’ ಫೋಟೊಗಳ ರೀಲ್ಸ್ ಹಾಕುತ್ತಾ ಕೂರುವುದಕ್ಕಿಂತ ಇದು ಪ್ರಾಮಾಣಿಕ. 2002ರ ವೈದ್ಯಕೀಯ ನೀತಿ ಸಂಹಿತೆ ರೋಗಿಗಳನ್ನು ಜಾಹೀರಾತಿನಿಂದ ಸೆಳೆಯುವುದನ್ನು ಒಪ್ಪುವುದೂ ಇಲ್ಲ. ಹುಬ್ಬಳ್ಳಿ, ಮಂಗಳೂರು, ಮೈಸೂರು ಕಡೆಯಲ್ಲಿ ಈ ಆಪರೇಷನ್ ಮಾಡುವ ಅನುಭವಿ ಸರ್ಜನ್‌ಗಳು ಯಾರೆಂದು ವಿಚಾರಿಸಿ ಪಟ್ಟಿ ಮಾಡಿಕೊಂಡು, ಆ ಭಾಗದವರನ್ನು ಅಲ್ಲಿಗೇ ಕಳಿಸಿ. ಮನೆಗೆ ಹತ್ತಿರವಿದ್ದರೆ ಫಾಲೋಅಪ್‌ಗೂ ಬರುತ್ತಾರೆ.

ನೋಂದಣಿ ನಿಲ್ಲಿಸಿದ ವಾರ ಕೌಂಟರಿನವರಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಆಗ ಕಳೆದ ಎರಡು ವರ್ಷದ ಆಪರೇಷನ್ ರಿಜಿಸ್ಟರ್ ತೆಗೆಸಿ, ಬರಬೇಕಾಗಿದ್ದೂ ಬಾರದವರ ಪಟ್ಟಿ ಮಾಡಿಸಿ, ದಿನಕ್ಕೆ ಹತ್ತು ಫೋನಿನಂತೆ ಶುರು ಮಾಡಿಸಿ. ಹೊಸ ನೋಂದಣಿಯನ್ನು ಮತ್ತೆ ತೆರೆಯುವುದು ಆ ಪಟ್ಟಿ ಮುಗಿದ ಮೇಲೆ.